ಕುಸುರಿ ಮಾಸದಂತೆ ಡಿಜಿಟಲ್ ಶಿಲ್ಪದ ಅಳತೆ ಬದಲಿಸುವುದು ಹೇಗೆ: ಬ್ಲೆಂಡರ್ ಬಳಕೆದಾರರಿಗೆ ಸಮಗ್ರ ಮಾರ್ಗದರ್ಶಿ

ಕಂಠಹಾರದ ಒಂದೊಂದು ಮಣಿಯನ್ನೂ ತಿದ್ದಿ ಮುಗಿಸಿದ ಶಿಲ್ಪವನ್ನು ಚಿಕ್ಕದು ಮಾಡಿದಾಗ ಮಣಿಗಳು ಮುಳ್ಳಿನಂತೆ ಎದ್ದು ನಿಲ್ಲುತ್ತವೆ. ದೊಡ್ಡದು ಮಾಡಿದಾಗ ಅದೇ ಮಣಿಗಳು ಚಪ್ಪಟೆಯಾಗುತ್ತವೆ. ಇಲ್ಲವೇ ಪರದೆಯ ಮೇಲೆ ಎಲ್ಲವೂ ಸರಿಯಾಗಿದ್ದು, 3ಡಿ ಮುದ್ರಣಕ್ಕೆ ಕಳಿಸಿದ ಫೈಲಿನಲ್ಲಿ ಕುಸುರಿಯೇ ಇರುವುದಿಲ್ಲ. ಬ್ಲೆಂಡರ್‌ನಂಥ 3ಡಿ ತಂತ್ರಾಂಶದಲ್ಲಿ ಡಿಜಿಟಲ್ ಶಿಲ್ಪ ಮಾಡುವವರಲ್ಲಿ ಇವು ಪದೇ ಪದೇ ಕೇಳಿಬರುವ ದೂರುಗಳು. ಬಹಳಷ್ಟು ಜನ ಇದಕ್ಕೆ ಹಿಗ್ಗಿಸುವ ಅಥವಾ ಕುಗ್ಗಿಸುವ ಕ್ರಿಯೆಯನ್ನೇ ಹೊಣೆ ಮಾಡುತ್ತಾರೆ. ಆದರೆ ಅಳತೆ ಬದಲಿಸುವುದೆಂದರೆ ಪ್ರತಿ ವರ್ಟೆಕ್ಸಿನ (ಮೇಲ್ಮೈಯನ್ನು ರೂಪಿಸುವ ಬಿಂದುವಿನ) ಸ್ಥಾನವನ್ನು ಒಂದೇ ಸಂಖ್ಯೆಯಿಂದ ಗುಣಿಸುವುದು ಮಾತ್ರ, ಮತ್ತು ಆ ಗುಣಾಕಾರದಲ್ಲಿ ವಿವರ ಕಳೆದುಹೋಗುವ ಪ್ರಮೇಯವೇ ಇಲ್ಲ. ವಿವರ ಹಾಳಾಗುವುದು ಆ ಗುಣಾಕಾರ ತಲುಪದೆ ಉಳಿದ ಕಡೆಗಳಲ್ಲಿ: ಮಾಡಿಫೈಯರ್‌ಗಳಲ್ಲಿ (ಮೂಲ ಆಕಾರವನ್ನು ಮುಟ್ಟದೆ ಅದರ ಮೇಲೆ ಬದಲಾವಣೆ ತರುವ ಸಾಧನಗಳಲ್ಲಿ) ಬರೆದಿಟ್ಟ ಸಂಖ್ಯೆಗಳಲ್ಲಿ, ಮೇಲ್ಮೈಯನ್ನು ಪುಟ್ಟ ಘನಗಳ ಲೆಕ್ಕದಲ್ಲಿ ಹೊಸದಾಗಿ ಹೆಣೆಯುವ ರೀಮೆಶ್‌ನ ವಾಕ್ಸೆಲ್ (ಆ ಘನದ) ಗಾತ್ರದಲ್ಲಿ, ಎಕ್ಸ್‌ಪೋರ್ಟ್‌ನ ಆಯ್ಕೆಗಳಲ್ಲಿ ಮತ್ತು ಕೊನೆಗೆ ಮುದ್ರಕದ ನಾಝಲ್‌ನಲ್ಲಿ (ಮೂತಿಯಲ್ಲಿ). ಆದ್ದರಿಂದ ಈ ಬರಹದಲ್ಲಿ ಸ್ಕೇಲ್ ಆಜ್ಞೆಗೆ ಕೊಟ್ಟಿರುವ ಜಾಗ ಚಿಕ್ಕದು, ಅದರ ಸುತ್ತಲಿನ ಸಿದ್ಧತೆಗೆ ಕೊಟ್ಟಿರುವ ಜಾಗ ದೊಡ್ಡದು.

ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದು ನಿರ್ದಿಷ್ಟ ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಮಾದರಿಯಲ್ಲಿ, ಹಾರ, ಮೇಖಲೆ, ನೂಪುರ ಮತ್ತು ತಲೆಯ ಮೇಲೆ ಬಳ್ಳಿಯ ತೋರಣವಿರುವ ಒಂದು ನರ್ತಕಿಯ ಮೂರ್ತಿಯನ್ನು 90 ಸೆಂಟಿಮೀಟರ್ ಎತ್ತರಕ್ಕೆ ಕೆತ್ತಿದ್ದೇವೆ ಎಂದುಕೊಳ್ಳಿ. ಬಳಪದ ಕಲ್ಲಿನಲ್ಲಿ ಹೊಯ್ಸಳ ಶಿಲ್ಪಿಗಳು ಸಾಧಿಸಿದ ಸೂಕ್ಷ್ಮತೆ ಇಂಥ ಕೆಲಸಕ್ಕೆ ಒಳ್ಳೆಯ ಒರೆಗಲ್ಲು, ಏಕೆಂದರೆ ಇಲ್ಲಿ ಇಡೀ ಅಂದವೇ ಮಿಲಿಮೀಟರ್‌ಗಳಲ್ಲಿದೆ. ಈ ಮೂರ್ತಿಯನ್ನು ಒಮ್ಮೆ 15 ಸೆಂಟಿಮೀಟರ್‌ಗೆ ಇಳಿಸಿ ರೆಸಿನ್‌ನಲ್ಲಿ (ಬೆಳಕಿಗೆ ಗಟ್ಟಿಯಾಗುವ ದ್ರವದಲ್ಲಿ) ಮುದ್ರಿಸಬೇಕು, ಇನ್ನೊಮ್ಮೆ 180 ಸೆಂಟಿಮೀಟರ್‌ಗೆ ಏರಿಸಿ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದಲ್ಲಿ ಕೊರೆಸಬೇಕು. ಮೊದಲನೆಯದರ ಅನುಪಾತ ಆರನೆಯ ಒಂದು, ಎರಡನೆಯದರದು ಎರಡು.

ಹಂತ 1: ವಿವರ ಎಲ್ಲಿ ಕುಳಿತಿದೆ ಎಂದು ಪತ್ತೆ ಮಾಡಿ

ಯಾವುದನ್ನೂ ಮುಟ್ಟುವ ಮೊದಲು ಮಾಡಬೇಕಾದ ಕೆಲಸ ಇದು. ಪರದೆಯ ಮೇಲೆ ಕಾಣುವ ಒಂದು ಮಣಿ ನಾಲ್ಕು ಬೇರೆ ಬೇರೆ ಜಾಗಗಳಿಂದ ಹುಟ್ಟಿರಬಹುದು. ಅದು ನೇರವಾಗಿ ಮೆಶ್‌ನ (ಬಿಂದುಗಳು ಮತ್ತು ಅವುಗಳ ನಡುವಿನ ಪುಟ್ಟ ಮುಖಗಳ ಹೆಣಿಗೆಯ) ವರ್ಟೆಕ್ಸ್‌ಗಳಲ್ಲೇ ಇರಬಹುದು. ವಾಕ್ಸೆಲ್ ರೀಮೆಶ್ ಅಥವಾ ಡೈನ್‌ಟೋಪೋದಲ್ಲಿ (ಕುಂಚ ಹೋದಲ್ಲಿ ಹೊಸ ಮುಖಗಳನ್ನು ಸೇರಿಸುವ ವಿಧಾನದಲ್ಲಿ) ಕೆತ್ತಿದ್ದರೆ ಹೀಗಿರುತ್ತದೆ. ಮಲ್ಟಿರೆಸಲ್ಯೂಷನ್ ಮಾಡಿಫೈಯರ್‌ನಲ್ಲಿ ಕೆತ್ತಿದ್ದರೆ, ಮೂಲ ಮೆಶ್ ಒರಟಾಗಿಯೇ ಇದ್ದು, ಮಣಿಯು ಆ ಒರಟು ಮೇಲ್ಮೈಯಿಂದ ಎಷ್ಟು ದೂರ ಸರಿಯಬೇಕು ಎಂಬ ಲೆಕ್ಕವಾಗಿ ಬೇರೆಡೆ ಶೇಖರವಾಗಿರುತ್ತದೆ. ಡಿಸ್‌ಪ್ಲೇಸ್ ಮಾಡಿಫೈಯರ್‌ನಿಂದ ಬಂದಿದ್ದರೆ ಒಂದು ಚಿತ್ರ ಮತ್ತು ಒಂದು ಸ್ಟ್ರೆಂತ್ ಸಂಖ್ಯೆ ಸೇರಿ ಮಣಿಯಾಗಿರುತ್ತದೆ. ನಾಲ್ಕನೆಯದು ಬಂಪ್ ಅಥವಾ ನಾರ್ಮಲ್ ಮ್ಯಾಪ್; ಇದು ಬೆಳಕಿನ ಆಟ ಮಾತ್ರ, ಆಕಾರವಲ್ಲ, ಆದ್ದರಿಂದ ಮುದ್ರಣಕ್ಕೆ ಹೋಗುವ ಫೈಲಿನಲ್ಲಿ ಇದು ಎಂದೂ ಬರುವುದಿಲ್ಲ.

ಪತ್ತೆ ಮಾಡುವ ವಿಧಾನ ಸುಲಭವಾಗಿದೆ. ವ್ಯೂಪೋರ್ಟ್ (ಮೂರ್ತಿ ಕಾಣುವ ಕಿಟಕಿ) ಅನ್ನು ಸಾಲಿಡ್ ಶೇಡಿಂಗ್‌ಗೆ ತಂದಾಗ ಮಾಯವಾಗುವುದೆಲ್ಲ ಮೆಟೀರಿಯಲ್‌ನದು. ಮಾಡಿಫೈಯರ್‌ಗಳ ಪಕ್ಕದಲ್ಲಿರುವ ಮಾನಿಟರ್ ಗುರುತನ್ನು ಒಂದೊಂದಾಗಿ ಆರಿಸುತ್ತ ಹೋದರೆ ಯಾವ ವಿವರ ಯಾವುದರ ಜೊತೆ ಹೋಗುತ್ತದೆ ಎಂಬುದು ಕಾಣುತ್ತದೆ. ಎಲ್ಲವನ್ನೂ ಆರಿಸಿದ ಮೇಲೂ ಉಳಿಯುವುದು ವರ್ಟೆಕ್ಸ್‌ಗಳ ಸ್ವಂತ ಆಸ್ತಿ. ನಮ್ಮ ನರ್ತಕಿಯಲ್ಲಿ ಮೈಯ ಕೆತ್ತನೆ ಮಲ್ಟಿರೆಸಲ್ಯೂಷನ್‌ನಲ್ಲಿದೆ, ಮೇಖಲೆಯ ಜಾಲರಿ ಪ್ರತ್ಯೇಕ ವಸ್ತುವಾಗಿದೆ, ಪೀಠದ ಮೇಲಿನ ಉಳಿಯ ಗುರುತುಗಳು ಡಿಸ್‌ಪ್ಲೇಸ್‌ನಿಂದ ಬಂದಿವೆ. ಇದನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮುಂದಿನ ಪ್ರತಿ ಹಂತದಲ್ಲೂ ಈ ಪಟ್ಟಿ ಬೇಕಾಗುತ್ತದೆ.

ಹಂತ 2: ಏಕಮಾನವನ್ನು ಮೊದಲೇ ನಿರ್ಧರಿಸಿ

ಶಿಲ್ಪಶಾಸ್ತ್ರದ ತಾಳಮಾನದಲ್ಲಿ ಮೂರ್ತಿಯ ಮುಖದ ಉದ್ದವೇ ಒಂದು ತಾಳ, ಅದರ ಹನ್ನೆರಡನೆಯ ಒಂದು ಭಾಗ ಒಂದು ಅಂಗುಲ. ಅಳತೆಗೋಲು ಮೂರ್ತಿಯ ಒಳಗೇ ಇರುವುದರಿಂದ ನವತಾಳದ ವಿಗ್ರಹ ಗೇಣುದ್ದದ್ದಾದರೂ ಆಳೆತ್ತರದ್ದಾದರೂ ಲೆಕ್ಕ ಬದಲಾಗುವುದಿಲ್ಲ. ತಂತ್ರಾಂಶಕ್ಕೆ ಈ ಸೌಲಭ್ಯವಿಲ್ಲ. ಅದರಲ್ಲಿ ಬರೆದ ಬಹುತೇಕ ಸಂಖ್ಯೆಗಳು ಮೂರ್ತಿಗೆ ಸಂಬಂಧವಿಲ್ಲದ ಹೊರಗಿನ ಅಳತೆಗಳು, ಮತ್ತು ನಮ್ಮ ತೊಂದರೆಗಳ ಮೂಲ ಅಲ್ಲೇ ಇದೆ.

ಸೀನ್ ಪ್ರಾಪರ್ಟೀಸ್‌ನ ಯೂನಿಟ್ಸ್ ವಿಭಾಗವನ್ನು ತೆರೆದು ನೋಡಿ. ಹೊಸ ಬ್ಲೆಂಡರ್ ಫೈಲಿನಲ್ಲಿ ಒಂದು ಏಕಮಾನ ಎಂದರೆ ಒಂದು ಮೀಟರ್. ಮುದ್ರಣಕ್ಕಾಗಿಯೇ ಕೆಲಸ ಮಾಡುವುದಾದರೆ ಯೂನಿಟ್ ಸ್ಕೇಲ್ ಅನ್ನು 0.001 ಮಾಡಿ, ಲೆಂತ್ ಅನ್ನು ಮಿಲಿಮೀಟರ್‌ಗೆ ಬದಲಿಸಿ, ಒಂದು ಏಕಮಾನವೆಂದರೆ ಒಂದು ಮಿಲಿಮೀಟರ್ ಆಗುವಂತೆ ಇಟ್ಟುಕೊಳ್ಳುವುದು ನನ್ನ ಮಟ್ಟಿಗೆ ಹೆಚ್ಚು ಅನುಕೂಲ. ಮುದ್ರಣಕ್ಕೆ ಕಳಿಸುವ ಎಸ್‌ಟಿಎಲ್ ಫೈಲಿನಲ್ಲಿ ಏಕಮಾನದ ಮಾಹಿತಿಯೇ ಇರುವುದಿಲ್ಲ, ಸ್ಲೈಸರ್‌ಗಳು (ಮೂರ್ತಿಯನ್ನು ಪದರಗಳಾಗಿ ವಿಂಗಡಿಸಿ ಮುದ್ರಕಕ್ಕೆ ಕೊಡುವ ತಂತ್ರಾಂಶಗಳು) ಸಾಮಾನ್ಯವಾಗಿ ಅದರ ಸಂಖ್ಯೆಗಳನ್ನು ಮಿಲಿಮೀಟರ್ ಎಂದೇ ಓದುತ್ತವೆ. ಮೀಟರ್‌ನಲ್ಲಿ 0.15 ಎಂದಿರುವ ಮೂರ್ತಿ ಅಲ್ಲಿ ಸಾಸಿವೆಗಿಂತ ಚಿಕ್ಕದಾಗಿ ಕಾಣುವುದಕ್ಕೆ ಕಾರಣ ಇಷ್ಟೇ. ಆದರೆ ಗಮನಿಸಿ: ಯೂನಿಟ್ ಸ್ಕೇಲ್ ಬದಲಿಸಿದ ಮಾತ್ರಕ್ಕೆ ಜ್ಯಾಮಿತಿ ಬದಲಾಗುವುದಿಲ್ಲ, ಅದನ್ನು ಓದುವ ರೀತಿ ಮಾತ್ರ ಬದಲಾಗುತ್ತದೆ. ಮೀಟರ್‌ನಲ್ಲಿ 0.9 ಎತ್ತರವಿದ್ದ ಮೂರ್ತಿ ಈಗ 0.9 ಮಿಲಿಮೀಟರ್ ಎಂದು ತೋರಿಸುತ್ತದೆ. ಅದನ್ನು 150 ಮಿಲಿಮೀಟರ್‌ಗೆ ತರುವ ಗುಣಕ ಆರನೆಯ ಒಂದಲ್ಲ, 150 ಭಾಗಿಸು 0.9. ಈ ಎರಡು ಲೆಕ್ಕಗಳನ್ನು ಬೆರೆಸಿಕೊಳ್ಳುವುದರಿಂದಲೇ ಸಾಕಷ್ಟು ಗೊಂದಲ ಹುಟ್ಟುತ್ತದೆ. ಮುಂದೆ ವಿವರಣೆ ಸರಳವಾಗಿರಲೆಂದು ಮೂರ್ತಿ ಮೀಟರ್ ಏಕಮಾನದಲ್ಲೇ ಇದೆ ಎಂದು ಭಾವಿಸಿ ಬರೆಯುತ್ತೇನೆ.

ಹಂತ 3: ಅಳತೆಯ ಮೊದಲಿನ ಸಿದ್ಧತೆ

ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿ. ಅನ್‌ಡೂ ಮೇಲೆ ಭರವಸೆ ಇಡಬೇಡಿ. ಕೋಟಿ ಮುಖಗಳಿರುವ ಮೆಶ್‌ನಲ್ಲಿ ಅದು ಎಷ್ಟು ಹಿಂದಕ್ಕೆ ಹೋಗುತ್ತದೆ ಎಂಬುದು ಕಂಪ್ಯೂಟರಿನ ಮೆಮೊರಿಯ ಮರ್ಜಿ. ಓವರ್‌ಲೇ ಪಟ್ಟಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಅನ್ನು ಆನ್ ಮಾಡಿ, ವರ್ಟೆಕ್ಸ್ ಮತ್ತು ಮುಖಗಳ ಸಂಖ್ಯೆಯನ್ನು ಬರೆದುಕೊಳ್ಳಿ. ಏಕರೂಪವಾಗಿ ಅಳತೆ ಬದಲಿಸಿದ ಮೇಲೆ ಈ ಸಂಖ್ಯೆ ಒಂದೇ ಒಂದು ಕೂಡ ಬದಲಾಗಬಾರದು. ಬದಲಾಗಿದ್ದರೆ ನಡುವೆ ಬೇರೇನೋ ನಡೆದಿದೆ.

ಒಂದೇ ಮೆಶ್ ದತ್ತಾಂಶವನ್ನು ಹಲವು ವಸ್ತುಗಳು ಹಂಚಿಕೊಂಡಿದ್ದರೆ, ಉದಾಹರಣೆಗೆ ಎರಡು ಕಾಲಿನ ನೂಪುರಗಳು ಲಿಂಕ್ ಮಾಡಿದ ಪ್ರತಿಗಳಾಗಿದ್ದರೆ, ಮುಂದೆ ಸ್ಕೇಲ್ ಅನ್ನು ಅಪ್ಲೈ ಮಾಡುವಾಗ, ಅಂದರೆ ಗುಣಾಕಾರವನ್ನು ಮೆಶ್‌ಗೇ ಕಾಯಂ ಸೇರಿಸುವಾಗ, ಬ್ಲೆಂಡರ್ ನೇರವಾಗಿ ಒಪ್ಪುವುದಿಲ್ಲ. ಆಬ್ಜೆಕ್ಟ್ ಮೆನುವಿನ ರಿಲೇಷನ್ಸ್‌ನಲ್ಲಿ ಅವನ್ನು ಮೊದಲೇ ಸಿಂಗಲ್ ಯೂಸರ್ (ಪ್ರತಿಯೊಂದಕ್ಕೂ ಸ್ವಂತ ಮೆಶ್) ಮಾಡಿಕೊಳ್ಳಿ.

ಹಂತ 4: ಆಬ್ಜೆಕ್ಟ್ ಮೋಡ್‌ನಲ್ಲಿ ಅಳತೆ ಬದಲಿಸಿ

ಮೂರ್ತಿಯ ಎಲ್ಲ ಭಾಗಗಳನ್ನೂ ಒಟ್ಟಿಗೆ ಬದಲಿಸಬೇಕು, ಮತ್ತು ಒಂದೇ ಬಿಂದುವನ್ನು ಕೇಂದ್ರವಾಗಿಟ್ಟುಕೊಂಡು ಬದಲಿಸಬೇಕು. ಪಿವಟ್ ಪಾಯಿಂಟ್ ಇಂಡಿವಿಜುವಲ್ ಒರಿಜಿನ್ಸ್‌ನಲ್ಲಿದ್ದರೆ ಪ್ರತಿ ಆಭರಣವೂ ತನ್ನ ಜಾಗದಲ್ಲೇ ಕುಗ್ಗಿ, ಮೇಖಲೆ ಸೊಂಟದಿಂದ ಬಿಟ್ಟುಕೊಂಡು ಗಾಳಿಯಲ್ಲಿ ನಿಲ್ಲುತ್ತದೆ. ಪೀಠದ ತಳದ ಮಧ್ಯದಲ್ಲಿ ಒಂದು ಎಂಪ್ಟಿ (ಆಕಾರವಿಲ್ಲದ ಗುರುತು) ಇಟ್ಟು, ಎಲ್ಲ ಭಾಗಗಳನ್ನೂ ಅದಕ್ಕೆ ಪೇರೆಂಟ್ ಮಾಡಿ (ಅದನ್ನೇ ಅನುಸರಿಸುವಂತೆ ಕಟ್ಟಿ), ಎಂಪ್ಟಿಯನ್ನು ಮಾತ್ರ ಬದಲಿಸುವುದು ಅತ್ಯಂತ ಸುರಕ್ಷಿತ ದಾರಿ. ಹತ್ತಾರು ಭಾಗಗಳಿರುವ ಶಿಲ್ಪದಲ್ಲಿ ಯಾವುದಾದರೂ ಒಂದನ್ನು ಆಯ್ಕೆ ಮಾಡಲು ಮರೆಯುವ ಅಪಾಯ ಇದರಿಂದ ತಪ್ಪುತ್ತದೆ.

ಇಲ್ಲೊಂದು ಬಲೆಯಿದೆ. ಸೈಡ್‌ಬಾರ್‌ನ ಐಟಂ ಟ್ಯಾಬ್‌ನಲ್ಲಿ ಡೈಮೆನ್ಷನ್ಸ್ ಎಂಬ ಮೂರು ಚೌಕಗಳಿವೆ. ಎತ್ತರದ ಚೌಕದಲ್ಲಿ 0.15 ಎಂದು ಬರೆದರೆ ಮೂರ್ತಿ ಪೂರ್ತಿಯಾಗಿ ಚಿಕ್ಕದಾಗುತ್ತದೆ ಎಂದು ಹೊಸಬರು ಭಾವಿಸುತ್ತಾರೆ. ಆದರೆ ಅದು ಆ ಒಂದು ಅಕ್ಷವನ್ನು ಮಾತ್ರ ಕುಗ್ಗಿಸಿ ನರ್ತಕಿಯನ್ನು ಚಪಾತಿ ಮಾಡುತ್ತದೆ. ಡೈಮೆನ್ಷನ್ಸ್ ಓದುವುದಕ್ಕೆ ಇಟ್ಟುಕೊಳ್ಳಿ, ಬರೆಯುವುದಕ್ಕಲ್ಲ. ಬದಲಾಗಿ ಎಂಪ್ಟಿಯ ಸ್ಕೇಲ್‌ನ ಮೂರೂ ಚೌಕಗಳ ಮೇಲೆ ಮೌಸ್ ಒತ್ತಿ ಕೆಳಕ್ಕೆಳೆದು, ಒಟ್ಟಿಗೆ 150/900 ಎಂದು ಬರೆದು ಎಂಟರ್ ಒತ್ತಿ. ಈ ಚೌಕಗಳು ಭಾಗಾಕಾರವನ್ನು ತಾವೇ ಮಾಡಿಕೊಳ್ಳುವುದರಿಂದ 0.1667 ಎಂದು ನಾವೇ ಅಂಕೆ ಕತ್ತರಿಸಿ ಬರೆಯುವ ಅಗತ್ಯವಿಲ್ಲ. ಅನಂತರ ಭಾಗಗಳನ್ನು ಆಯ್ಕೆ ಮಾಡಿ, ಆಲ್ಟ್ ಮತ್ತು ಪಿ ಒತ್ತಿ, ರೂಪಾಂತರವನ್ನು ಉಳಿಸಿಕೊಂಡು ಪೇರೆಂಟ್ ಸಂಬಂಧ ಕಡಿಯುವ ಆಯ್ಕೆಯನ್ನು ಆರಿಸಿ. ಈಗ ಪ್ರತಿ ಭಾಗದ ಸ್ಕೇಲ್‌ನಲ್ಲೂ 0.167 ಕಾಣಬೇಕು.

ಕೊನೆಗೆ ಕಂಟ್ರೋಲ್ ಮತ್ತು ಎ ಒತ್ತಿ ಸ್ಕೇಲ್ ಅನ್ನು ಅಪ್ಲೈ ಮಾಡಬೇಕು. ಕೇವಲ ಎಕ್ಸ್‌ಪೋರ್ಟ್ ಮಾಡುವುದಿದ್ದರೆ ಇದು ಕಡ್ಡಾಯವಲ್ಲ. ಮುಂದೆ ಕೆತ್ತನೆ ಮುಂದುವರಿಸುವುದಿದ್ದರೆ ಬೇಕೇ ಬೇಕು. ಅಕ್ಷಗಳ ಸ್ಕೇಲ್ ಬೇರೆ ಬೇರೆಯಾಗಿ ಉಳಿದಿದ್ದರೆ ಸ್ಕಲ್ಪ್ಟ್ ಮೋಡ್ ಪ್ರವೇಶಿಸುವಾಗಲೇ ಬ್ಲೆಂಡರ್ ಎಚ್ಚರಿಕೆ ಕೊಡುತ್ತದೆ, ಮತ್ತು ಕುಂಚದ ವೃತ್ತ ಮೇಲ್ಮೈಯ ಮೇಲೆ ನಿರೀಕ್ಷಿಸಿದಂತೆ ವರ್ತಿಸುವುದಿಲ್ಲ.

ಹಂತ 5: ಮಲ್ಟಿರೆಸಲ್ಯೂಷನ್ ಇದ್ದಾಗ ವಿಶೇಷ ಎಚ್ಚರ

ಮಲ್ಟಿರೆಸಲ್ಯೂಷನ್‌ನಲ್ಲಿ ಪ್ರತಿ ಸೂಕ್ಷ್ಮ ಬಿಂದುವಿನ ಸ್ಥಾನವು, ಕೆಳಗಿನ ಒರಟು ಮೇಲ್ಮೈಯ ಆ ಜಾಗದ ದಿಕ್ಕುಗಳಿಗೆ ಸಾಪೇಕ್ಷವಾದ ಒಂದು ಸರಿತವಾಗಿ (ಎಷ್ಟು ದೂರ ಸರಿಯಬೇಕೆಂಬ ಅಳತೆಯಾಗಿ) ದಾಖಲಾಗುತ್ತದೆ. ಆ ದಿಕ್ಕುಗಳ ಉದ್ದವನ್ನು ಲೆಕ್ಕದಲ್ಲಿ ಒಂದು ಏಕಮಾನಕ್ಕೆ ಸಮ ಮಾಡಿಕೊಳ್ಳುವುದರಿಂದ, ಒರಟು ಮೇಲ್ಮೈ ಹಿಗ್ಗಿದರೂ ಕುಗ್ಗಿದರೂ ದಾಖಲೆಯಾದ ಸರಿತ ತನ್ನಷ್ಟಕ್ಕೆ ತಾನು ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ.

ಆಬ್ಜೆಕ್ಟ್ ಮೋಡ್‌ನಲ್ಲಿ ಅಳತೆ ಬದಲಿಸಿದರೆ ಇದರಿಂದ ಏನೂ ತೊಂದರೆಯಿಲ್ಲ, ಏಕೆಂದರೆ ಎಲ್ಲ ಲೆಕ್ಕ ಮುಗಿದ ಮೇಲೆ ಇಡೀ ವಸ್ತುವಿಗೆ ಗುಣಾಕಾರ ಅನ್ವಯಿಸುತ್ತದೆ. ಆಮೇಲೆ ಸ್ಕೇಲ್ ಅಪ್ಲೈ ಮಾಡಿದಾಗಲೂ ದಾಖಲೆಯಾದ ಸರಿತಗಳನ್ನು ಬ್ಲೆಂಡರ್ ತಾನೇ ಅದೇ ಪ್ರಮಾಣದಲ್ಲಿ ಬದಲಿಸುತ್ತದೆ. ಅನಾಹುತವಾಗುವುದು ಎಡಿಟ್ ಮೋಡ್‌ಗೆ ಹೋಗಿ, ಮೂಲ ಮೆಶ್‌ನ ವರ್ಟೆಕ್ಸ್‌ಗಳನ್ನೆಲ್ಲ ಆಯ್ಕೆ ಮಾಡಿ, ಅಲ್ಲಿ ಅಳತೆ ಬದಲಿಸಿದಾಗ. ನಮ್ಮ ನರ್ತಕಿಯ ಕೊರಳು 80 ಮಿಲಿಮೀಟರ್ ಅಗಲವಿದ್ದು, ಅದರ ಮೇಲಿನ ಮಣಿ 3 ಮಿಲಿಮೀಟರ್ ಎತ್ತರಕ್ಕೆ ಉಬ್ಬಿದೆ ಎನ್ನೋಣ. ಎಡಿಟ್ ಮೋಡ್‌ನಲ್ಲಿ ಆರನೆಯ ಒಂದಕ್ಕೆ ಇಳಿಸಿದರೆ ಕೊರಳು 13 ಮಿಲಿಮೀಟರ್‌ಗೆ ಬರುತ್ತದೆ, ಮಣಿಯ ಬುಡವೂ ಅದೇ ಪ್ರಮಾಣದಲ್ಲಿ ಕಿರಿದಾಗುತ್ತದೆ, ಆದರೆ ಅದರ ಎತ್ತರ 3 ಮಿಲಿಮೀಟರ್ ಆಗಿಯೇ ಉಳಿಯುತ್ತದೆ. ಮೊದಲಲ್ಲಿ ಹೇಳಿದ ಮುಳ್ಳು ಹುಟ್ಟುವುದು ಹೀಗೆ. ಎರಡು ಪಟ್ಟು ಹಿಗ್ಗಿಸಿದರೆ ಬುಡ ಅಗಲವಾಗಿ, ಎತ್ತರ ಹಾಗೇ ಇದ್ದು, ಹಾರ ಸವೆದಂತೆ ಕಾಣುತ್ತದೆ.

ಈಗಾಗಲೇ ಹೀಗಾಗಿದ್ದರೆ ಗಾಬರಿ ಬೇಡ. ಸರಿತಗಳು ಬದಲಾಗದೆ ಉಳಿದಿರುವುದೇ ಇಲ್ಲಿ ನೆರವಿಗೆ ಬರುತ್ತದೆ: ಮತ್ತೆ ಎಡಿಟ್ ಮೋಡ್‌ಗೆ ಹೋಗಿ ಅದರ ವಿಲೋಮ ಸಂಖ್ಯೆಯಿಂದ, ಅಂದರೆ ಇಲ್ಲಿ ಆರರಿಂದ, ಗುಣಿಸಿದರೆ ಹಳೆಯ ರೂಪ ಹಿಂದಿರುಗುತ್ತದೆ, ಅನಂತರ ಆಬ್ಜೆಕ್ಟ್ ಮೋಡ್‌ನಲ್ಲಿ ಸರಿಯಾಗಿ ಅಳತೆ ಬದಲಿಸಬಹುದು. ನಡುವೆ ಹೊಸದಾಗಿ ಏನಾದರೂ ಕೆತ್ತಿದ್ದರೆ ಆ ಭಾಗ ಮಾತ್ರ ಸೊಟ್ಟಗಾಗುತ್ತದೆ.

ಎಲ್ಲವೂ ಸರಿಯಾಗಿದೆಯೇ ಎಂದು ಕಣ್ಣಳತೆಯಲ್ಲಿ ನಂಬುವ ಬದಲು ಒಂದು ಪರೀಕ್ಷೆ ಮಾಡಿ. ಸ್ಕೇಲ್ ಅಪ್ಲೈ ಮಾಡುವ ಮೊದಲು ಮೂರ್ತಿಯ ಒಂದು ಪ್ರತಿ ತೆಗೆದು ಹಾಗೇ ಇಡಿ, ಇನ್ನೊಂದಕ್ಕೆ ಮಾತ್ರ ಅಪ್ಲೈ ಮಾಡಿ. ಎರಡಕ್ಕೂ ಬೇರೆ ಬೇರೆ ಬಣ್ಣ ಕೊಟ್ಟು ಒಂದೇ ಸ್ಥಾನದಲ್ಲಿ ಕೂರಿಸಿ. ಎರಡು ಮೇಲ್ಮೈಗಳು ನಿಜವಾಗಿ ಒಂದೇ ಆಗಿದ್ದರೆ ಯಾವುದು ಮೇಲೆ ಎಂದು ತಂತ್ರಾಂಶಕ್ಕೆ ತಿಳಿಯದೆ ಎರಡೂ ಬಣ್ಣಗಳು ಚುಕ್ಕೆ ಚುಕ್ಕೆಯಾಗಿ ಬೆರೆತು ಮಿನುಗುತ್ತವೆ. ಎಲ್ಲಾದರೂ ಒಂದೇ ಬಣ್ಣ ಅಖಂಡವಾಗಿ ಹರಡಿದ್ದರೆ ಅಲ್ಲಿ ವ್ಯತ್ಯಾಸವಾಗಿದೆ ಎಂದರ್ಥ. ಮೂಗಿನ ಹೊಳ್ಳೆ, ಬೆರಳ ಸಂದು, ಮಣಿಗಳ ಬುಡ, ಈ ಜಾಗಗಳನ್ನು ಹತ್ತಿರ ಹೋಗಿ ನೋಡಿ.

ಹಂತ 6: ಗುಣಾಕಾರ ತಲುಪದ ಸಂಖ್ಯೆಗಳನ್ನು ಕೈಯಾರೆ ಬದಲಿಸಿ

ಸ್ಕೇಲ್ ಅಪ್ಲೈ ಮಾಡಿದ ಕ್ಷಣದಿಂದ ಡಿಸ್‌ಪ್ಲೇಸ್‌ನ ಸ್ಟ್ರೆಂತ್, ಸಾಲಿಡಿಫೈನ ಥಿಕ್‌ನೆಸ್, ಬೆವೆಲ್‌ನ ಅಗಲ, ರೀಮೆಶ್ ಮಾಡಿಫೈಯರ್‌ನ ವಾಕ್ಸೆಲ್ ಗಾತ್ರ, ಇವೆಲ್ಲ ಹಳೆಯ ಮೂರ್ತಿಗೆ ಹೊಂದುವ ಸಂಖ್ಯೆಗಳಾಗಿಯೇ ಉಳಿದಿರುತ್ತವೆ. ಪೀಠದ ಉಳಿಯ ಗುರುತುಗಳ ಸ್ಟ್ರೆಂತ್ 0.003 ಇದ್ದರೆ ಈಗ ಅದನ್ನು 0.0005 ಮಾಡಬೇಕು. ಡಿಸ್‌ಪ್ಲೇಸ್‌ಗೆ ಬಳಸಿದ ಟೆಕ್ಸ್‌ಚರ್ (ಚಿತ್ರ) ಯುವಿ, ಅಂದರೆ ಮೇಲ್ಮೈಯನ್ನು ಬಿಡಿಸಿ ಹರಡಿದ ನಕ್ಷೆಯ ಮೂಲಕ ಅಂಟಿಕೊಂಡಿದ್ದರೆ ಅದರ ಜಾಗ ಕದಲುವುದಿಲ್ಲ. ಲೋಕಲ್, ಗ್ಲೋಬಲ್ ಅಥವಾ ಆಬ್ಜೆಕ್ಟ್ ನಿರ್ದೇಶಾಂಕದಲ್ಲಿದ್ದರೆ ಗುರುತುಗಳ ವಿನ್ಯಾಸವೇ ಬದಲಾಗುತ್ತದೆ. ಹಾಗಿದ್ದಲ್ಲಿ ಅಳತೆ ಬದಲಿಸುವ ಮೊದಲೇ ಆ ಮಾಡಿಫೈಯರ್ ಅನ್ನು ಅಪ್ಲೈ ಮಾಡಿ ವಿವರವನ್ನು ವರ್ಟೆಕ್ಸ್‌ಗಳಿಗೆ ಇಳಿಸಿಬಿಡುವುದೇ ವಾಸಿ.

ವಾಕ್ಸೆಲ್ ರೀಮೆಶ್ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ಕುಸುರಿಯನ್ನು ಮತ್ತೆ ಬಾರದಂತೆ ಅಳಿಸುವುದು ಇದೇ. 90 ಸೆಂಟಿಮೀಟರ್ ಮೂರ್ತಿಯಲ್ಲಿ ಅರ್ಧ ಮಿಲಿಮೀಟರ್ ವಾಕ್ಸೆಲ್‌ನಿಂದ ನೆಮ್ಮದಿಯಾಗಿ ಕೆಲಸ ಮಾಡಿದವರು, 15 ಸೆಂಟಿಮೀಟರ್‌ಗೆ ಇಳಿಸಿದ ಮೇಲೆ ಕೈರೂಢಿಯಂತೆ ಅದೇ ಸಂಖ್ಯೆಯಲ್ಲಿ ರೀಮೆಶ್ ಮಾಡಿದರೆ, ಅದು ಮೂಲದ 3 ಮಿಲಿಮೀಟರ್ ವಾಕ್ಸೆಲ್‌ಗೆ ಸಮ. ಮಣಿಗಳೆಲ್ಲ ಕರಗಿ ಒಂದು ಉಬ್ಬು ಪಟ್ಟಿಯಾಗುತ್ತದೆ. ಅದೇ ಸೂಕ್ಷ್ಮತೆ ಉಳಿಯಬೇಕಾದರೆ ವಾಕ್ಸೆಲ್ ಗಾತ್ರವನ್ನೂ ಆರರಿಂದ ಭಾಗಿಸಿ 0.083 ಮಿಲಿಮೀಟರ್ ಮಾಡಬೇಕು. ಹಿಗ್ಗಿಸಿದಾಗ ತೊಂದರೆ ತಿರುಗುಮುರುಗು: ಎರಡು ಪಟ್ಟು ದೊಡ್ಡದಾದ ಮೂರ್ತಿಗೆ ಹಳೆಯ ವಾಕ್ಸೆಲ್ ಬಳಸಿದರೆ ಮುಖಗಳ ಸಂಖ್ಯೆ ಸುಮಾರು ನಾಲ್ಕು ಪಟ್ಟಾಗಿ ಕಂಪ್ಯೂಟರ್ ನಿಂತೇಹೋಗಬಹುದು. ಡೈನ್‌ಟೋಪೋದಲ್ಲಿ ಕಾನ್‌ಸ್ಟಂಟ್ ಡೀಟೇಲ್ ಬಳಸುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಇನ್ನೊಂದು, ಬಹಳ ಮೌನವಾಗಿ ಕೆಲಸ ಕೆಡಿಸುವುದು ಮರ್ಜ್ ಬೈ ಡಿಸ್ಟನ್ಸ್, ಅಂದರೆ ತೀರ ಹತ್ತಿರವಿರುವ ವರ್ಟೆಕ್ಸ್‌ಗಳನ್ನು ಬೆಸೆದು ಒಂದಾಗಿಸುವ ಆಜ್ಞೆ. ಮುದ್ರಣಕ್ಕೆ ಮುಂಚೆ ಮೆಶ್ ಶುಚಿ ಮಾಡಲು ಬಹುತೇಕರು ಇದನ್ನು ಕಣ್ಣು ಮುಚ್ಚಿ ಬಳಸುತ್ತಾರೆ. ಇದರ ಪೂರ್ವನಿಯೋಜಿತ ದೂರ 0.0001 ಏಕಮಾನ, ಮೀಟರ್ ಲೆಕ್ಕದಲ್ಲಿ 0.1 ಮಿಲಿಮೀಟರ್. ಮೂಲ ಮೆಶ್‌ನಲ್ಲಿ 10,000 ಮುಖಗಳಿದ್ದು ಐದನೆಯ ಮಟ್ಟದವರೆಗೆ ಕೆತ್ತಿದ್ದರೆ, ಪ್ರತಿ ಮಟ್ಟಕ್ಕೂ ನಾಲ್ಕು ಪಟ್ಟಾಗುತ್ತ ಒಟ್ಟು 1,02,40,000 ಮುಖಗಳಾಗುತ್ತವೆ. 15 ಸೆಂಟಿಮೀಟರ್ ಮೂರ್ತಿಯ ಮೇಲ್ಮೈ 300 ಚದರ ಸೆಂಟಿಮೀಟರ್ ಇದ್ದರೆ, ಒಂದೊಂದು ಮುಖದ ಅಂಚು ಸರಾಸರಿ 0.054 ಮಿಲಿಮೀಟರ್. ಅಂದರೆ ಬಹುತೇಕ ಎಲ್ಲ ಅಕ್ಕಪಕ್ಕದ ವರ್ಟೆಕ್ಸ್‌ಗಳೂ ಬೆಸುಗೆಯ ಮಿತಿಯೊಳಗೇ ಇವೆ! ಮಾಡಿಫೈಯರ್ ಅಪ್ಲೈ ಮಾಡಿದ ಇಂಥ ಮೆಶ್‌ನಲ್ಲಿ ಈ ಆಜ್ಞೆ ಕೊಟ್ಟರೆ ನರ್ತಕಿಯ ಮುಖ ಗುರುತು ಸಿಗದಂತಾಗುತ್ತದೆ. ದೂರವನ್ನು ಅಂಚಿನ ಉದ್ದದ ಹತ್ತನೆಯ ಒಂದಕ್ಕಿಂತ ಕಡಿಮೆ ಇಟ್ಟು ಬಳಸಿ, ಇಲ್ಲವೇ ಅಳತೆ ಬದಲಿಸುವ ಮೊದಲೇ ಆ ಶುಚಿಕಾರ್ಯ ಮುಗಿಸಿ.

ಇವೆಲ್ಲದರ ನಡುವೆ, ಹಿಗ್ಗಿಸಿದ ಮೂರ್ತಿಯ ಒಂದು ಭಾಗ ಪರದೆಯಿಂದ ಕತ್ತರಿಸಿದಂತೆ ಕಾಣೆಯಾದರೆ ಅದು ಹಾನಿಯಲ್ಲ. ಸೈಡ್‌ಬಾರ್‌ನ ವ್ಯೂ ಟ್ಯಾಬ್‌ನಲ್ಲಿರುವ ಕ್ಲಿಪ್ ಸ್ಟಾರ್ಟ್ ಮತ್ತು ಕ್ಲಿಪ್ ಎಂಡ್ ಮಿತಿಗಳನ್ನು ಸರಿಪಡಿಸಿದರೆ ಸಾಕು.

ಝಡ್‌ಬ್ರಷ್ ಎಂಬ ಇನ್ನೊಂದು ಶಿಲ್ಪ ತಂತ್ರಾಂಶ ಬಳಸುವವರಿಗೆ ಒಂದು ಮಾತು. ಆ ತಂತ್ರಾಂಶ ಒಳಗೆ 2 ಏಕಮಾನದ ಆಸುಪಾಸಿನ ಗಾತ್ರದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಯೂನಿಫೈ ಗುಂಡಿ ವಸ್ತುವನ್ನು ಅದೇ ಗಾತ್ರಕ್ಕೆ ತರುತ್ತದೆ. ನಿಜವಾದ ಅಳತೆ ಎಕ್ಸ್‌ಪೋರ್ಟ್ ವಿಭಾಗದ ಸ್ಕೇಲ್ ಸಂಖ್ಯೆಯಲ್ಲಿರುತ್ತದೆ. ಆದ್ದರಿಂದ ಬಹಳ ಸಲ ಜ್ಯಾಮಿತಿಯನ್ನು ಮುಟ್ಟದೆ, ಸ್ಕೇಲ್ ಮಾಸ್ಟರ್ ಪ್ಲಗಿನ್ ಮೂಲಕ ಹೊರಹೋಗುವ ಅಳತೆಯನ್ನು ಮಾತ್ರ ಬದಲಿಸಿದರೆ ಕೆಲಸವಾಗುತ್ತದೆ. ಅಲ್ಲಿಯ ಡೈನಮೆಶ್ (ಆ ತಂತ್ರಾಂಶದ ರೀಮೆಶ್) ರೆಸಲ್ಯೂಷನ್ ಕೂಡ ವಸ್ತುವಿನ ಗಾತ್ರವನ್ನು ಅವಲಂಬಿಸಿರುವುದರಿಂದ, ಕುಗ್ಗಿಸಿದ ವಸ್ತುವಿಗೆ ಅದೇ ಸಂಖ್ಯೆ ಕೊಟ್ಟರೆ ಕಡಿಮೆ ಮುಖಗಳು ದೊರೆಯುತ್ತವೆ.

ಹಂತ 7: ಒಂದೇ ದಿಕ್ಕಿನಲ್ಲಿ ಹಿಗ್ಗಿಸಬೇಕಾಗಿ ಬಂದರೆ

ಗೂಡಿನ ಎತ್ತರಕ್ಕೆ ಹೊಂದಿಸಲು ಮೂರ್ತಿಯನ್ನು ಮೇಲ್ಮುಖವಾಗಿ ಮಾತ್ರ ಶೇಕಡ 8ರಷ್ಟು ಹಿಗ್ಗಿಸಿ ಎಂದು ಕೇಳುವವರು ಇದ್ದಾರೆ. ನೇರವಾಗಿ ಹಾಗೆ ಮಾಡಿದರೆ ದುಂಡು ಮಣಿಗಳು ಮೊಟ್ಟೆಯಾಕಾರ ತಾಳುತ್ತವೆ, ಮುಖ ಉದ್ದವಾಗುತ್ತದೆ. ಪ್ರತ್ಯೇಕ ವಸ್ತುಗಳಾಗಿರುವ ಆಭರಣಗಳನ್ನು ಬೇರೆ ಇಟ್ಟು, ಮೈಯನ್ನು ಮಾತ್ರ ಬದಲಿಸಿ, ಆಭರಣಗಳನ್ನು ಅಳತೆ ಬದಲಿಸದೆ ಹೊಸ ಜಾಗಕ್ಕೆ ಸರಿಸುವುದು ಉತ್ತಮ. ಮೈಯಲ್ಲಿ ಮಲ್ಟಿರೆಸಲ್ಯೂಷನ್ ಇದ್ದರೆ, ಹಿಂದೆ ಅನಾಹುತಕ್ಕೆ ಕಾರಣವಾದ ಎಡಿಟ್ ಮೋಡ್ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಮೂಲ ಮೆಶ್‌ನಲ್ಲಿ ಕಾಲು ಮತ್ತು ಮುಂಡದ ಭಾಗವನ್ನು ಮಾತ್ರ ಸ್ವಲ್ಪ ಹಿಗ್ಗಿಸಿದರೆ ಮೇಲ್ಮೈ ಹಿಗ್ಗಿದರೂ ಕೆತ್ತನೆಯ ಆಳ ಹಾಗೇ ಉಳಿಯುತ್ತದೆ, ಮುಖ ಮತ್ತು ಕೈಗಳ ಆಕಾರ ಕೆಡುವುದಿಲ್ಲ. ಶೇಕಡ 10ರ ಒಳಗಿನ ಬದಲಾವಣೆಗೆ ಈ ಉಪಾಯ ಸಾಕು. ಅದಕ್ಕಿಂತ ಹೆಚ್ಚಾದರೆ ಶಿಲ್ಪವನ್ನೇ ಮತ್ತೆ ತಿದ್ದಬೇಕು. ಆ ದುಡಿಮೆಗೆ ಅಡ್ಡದಾರಿಯಿಲ್ಲ.

ಹಂತ 8: ಚಿಕ್ಕ ಗಾತ್ರದಲ್ಲಿ ಕಾಣುವಂತೆ ಕೆತ್ತನೆಯನ್ನು ಸಿದ್ಧಪಡಿಸಿ

ಇಲ್ಲಿಯವರೆಗೆ ಫೈಲಿನೊಳಗಿನ ವಿವರ ಉಳಿಸಿಕೊಂಡೆವು. ಇನ್ನು ಅದು ವಸ್ತುವಿನಲ್ಲಿ ಮೂಡಬೇಕು. ಮೂಲದಲ್ಲಿ 1.2 ಮಿಲಿಮೀಟರ್ ದಪ್ಪವಿದ್ದ ಹಾರದ ದಾರ ಈಗ 0.2 ಮಿಲಿಮೀಟರ್, 0.6 ಮಿಲಿಮೀಟರ್ ಆಳವಿದ್ದ ಗೀರು ಈಗ 0.1 ಮಿಲಿಮೀಟರ್. ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರ ಹಾಕುವ ಸಾಮಾನ್ಯ ತಂತು ಮುದ್ರಕದ ನಾಝಲ್‌ನ ವ್ಯಾಸವೇ 0.4 ಮಿಲಿಮೀಟರ್ ಆಗಿರುವಾಗ ಅದರಲ್ಲಿ ಈ ದಾರವನ್ನು ನಿರೀಕ್ಷಿಸುವುದು ವ್ಯರ್ಥ. ರೆಸಿನ್ ಮುದ್ರಕಗಳ ಒಂದು ಪಿಕ್ಸೆಲ್ ಸುಮಾರು 0.02ರಿಂದ 0.05 ಮಿಲಿಮೀಟರ್ ಇರುವುದರಿಂದ ದಾರ ಮೂಡೀತು, ಆದರೆ ಬಣ್ಣದ ಒಂದು ಲೇಪ ಬಿದ್ದರೆ 0.1 ಮಿಲಿಮೀಟರ್ ಗೀರು ತುಂಬಿಹೋಗುತ್ತದೆ.

ಅದಕ್ಕಾಗಿ ಚಿಕ್ಕ ಪ್ರತಿಯಲ್ಲಿ ಕುಸುರಿಯನ್ನು ಉದ್ದೇಶಪೂರ್ವಕವಾಗಿ ಉತ್ಪ್ರೇಕ್ಷಿಸಬೇಕು. ಸ್ಕಲ್ಪ್ಟ್ ಮೋಡ್‌ನ ಮೆಶ್ ಫಿಲ್ಟರ್‌ನಲ್ಲಿ ಎನ್‌ಹಾನ್ಸ್ ಡೀಟೇಲ್ಸ್ ಎಂಬ ಬಗೆಯಿದೆ. ಮುಖಕ್ಕೆ ಮಾಸ್ಕ್ ಹಾಕಿ ರಕ್ಷಿಸಿ, ಆಭರಣಗಳ ಮೇಲೆ ಇದನ್ನು ಮೆಲ್ಲಗೆ ಎಳೆದರೆ ಉಬ್ಬುಗಳು ಉಬ್ಬುತ್ತವೆ, ತಗ್ಗುಗಳು ಇಳಿಯುತ್ತವೆ. ಪರದೆಯ ಮೇಲೆ ಸ್ವಲ್ಪ ಅತಿಯಾಯಿತು ಎನ್ನಿಸುವಷ್ಟು ಮಾಡಿದರೆ ಮುದ್ರಣದಲ್ಲಿ ಸರಿಹೋಗುತ್ತದೆ. ಮಣಿಗಳ ಸಂಖ್ಯೆ ಹೆಚ್ಚಿದ್ದರೆ ಕೆಲವನ್ನು ಕೈಬಿಟ್ಟು ಉಳಿದವನ್ನು ದಪ್ಪ ಮಾಡುವುದಕ್ಕೂ ಹಿಂಜರಿಯಬಾರದು. ಅಂಗೈ ಮೇಲಿನ ಮೂರ್ತಿಯಲ್ಲಿ ಮಣಿಗಳನ್ನು ಯಾರೂ ಎಣಿಸುವುದಿಲ್ಲ, ಹಾರವಿದೆ ಎಂಬುದು ಕಾಣಬೇಕು. ತೋರಣದ ಬಳ್ಳಿಯಂಥ ಒಂಟಿ ಎಳೆಗಳು ಮುರಿಯದಂತೆ ದಪ್ಪ ಮಾಡಿ. ಒಳಗೆ ಟೊಳ್ಳು ಮಾಡುವುದಿದ್ದರೆ ಅಳತೆ ಬದಲಿಸಿದ ಮೇಲೆಯೇ ಮಾಡಿ, ಇಲ್ಲವಾದರೆ ಗೋಡೆಯೂ ಆರನೆಯ ಒಂದಕ್ಕೆ ಇಳಿದಿರುತ್ತದೆ.

ಹಂತ 9: ದೊಡ್ಡ ಗಾತ್ರದಲ್ಲಿ ಖಾಲಿತನ ತುಂಬಿ

180 ಸೆಂಟಿಮೀಟರ್‌ಗೆ ಏರಿಸಿದಾಗ ಅದೇ 0.054 ಮಿಲಿಮೀಟರ್ ಅಂಚು 0.65 ಮಿಲಿಮೀಟರ್ ಆಗುತ್ತದೆ. ಶೇಡ್ ಸ್ಮೂತ್ ಇರುವುದರಿಂದ ಪರದೆಯಲ್ಲಿ ಇದು ಕಾಣದಿದ್ದರೂ, ಪಾಲಿಶ್ ಮಾಡಿದ ಕೆನ್ನೆಯ ಮೇಲೆ ಪಟ್ಟೆ ಪಟ್ಟೆಯಾಗಿ ಬೆಳಕಿಗೆ ಸಿಗಬಹುದು. ಮಲ್ಟಿರೆಸಲ್ಯೂಷನ್‌ನಲ್ಲಿ ಇನ್ನೊಂದು ಮಟ್ಟ ಸೇರಿಸಿದರೆ ಅಂಚು ಅರ್ಧವಾಗಿ ಮೇಲ್ಮೈ ನಯವಾಗುತ್ತದೆ. ಆದರೆ ಹೊಸ ಮಟ್ಟ ಹೊಸ ವಿವರವನ್ನು ತರುವುದಿಲ್ಲ ಎಂಬುದನ್ನು ಮರೆಯಬಾರದು. ಮೂಲದಲ್ಲಿ ತುಂಬಿಕೊಂಡಂತೆ ಕಾಣುತ್ತಿದ್ದ ಮೇಖಲೆ ಈಗ ಬೋಳಾಗಿ ಕಾಣುತ್ತದೆ, ಅದರ ಪ್ರತಿ ಹೂವಿಗೂ ಎಸಳಿನ ನರ, ಅಂಚಿನ ಗೀರು ಸೇರಿಸಬೇಕಾಗುತ್ತದೆ. ಎಷ್ಟು ಸೇರಿಸಬೇಕೆಂಬುದನ್ನು ಯಂತ್ರದ ಉಳಿ ನಿರ್ಧರಿಸುತ್ತದೆ: 3 ಮಿಲಿಮೀಟರ್ ವ್ಯಾಸದ ದುಂಡುತುದಿಯ ಉಳಿ ತನಗಿಂತ ಕಿರಿದಾದ ಸಂದಿಯೊಳಗೆ ಇಳಿಯಲಾರದು, ಅಂಥ ಗೀರುಗಳನ್ನು ಕೈಯುಳಿಯಿಂದ ಮುಗಿಸುವವರಿಗೆ ಬಿಡಬೇಕು. ಮೂರು ಅಕ್ಷದ ಯಂತ್ರವಾದರೆ ಹಾರದ ಹಿಂಬದಿಯಂಥ ಒಳಸರಿದ ಜಾಗಗಳನ್ನೂ ಅದು ಮುಟ್ಟುವುದಿಲ್ಲ.

ಹಂತ 10: ಎಕ್ಸ್‌ಪೋರ್ಟ್

ಕುಸುರಿಯೇ ಇಲ್ಲದ ಫೈಲು ಹುಟ್ಟುವುದು ಇಲ್ಲಿ. ಮಲ್ಟಿರೆಸಲ್ಯೂಷನ್‌ನಲ್ಲಿ ವ್ಯೂಪೋರ್ಟ್, ಸ್ಕಲ್ಪ್ಟ್, ರೆಂಡರ್ ಎಂಬ ಮೂರು ಮಟ್ಟಗಳಿವೆ. ಎಸ್‌ಟಿಎಲ್ ಎಕ್ಸ್‌ಪೋರ್ಟ್ ನೋಡುವುದು ವ್ಯೂಪೋರ್ಟ್ ಮಟ್ಟವನ್ನು. ಕಂಪ್ಯೂಟರ್ ಹಗುರಾಗಲೆಂದು ಅದನ್ನು 2ಕ್ಕೆ ಇಳಿಸಿಟ್ಟಿದ್ದರೆ, ಸ್ಕಲ್ಪ್ಟ್ ಮೋಡ್‌ನಲ್ಲಿ ಐದನೆಯ ಮಟ್ಟದ ಕೆತ್ತನೆ ಕಾಣುತ್ತಿದ್ದರೂ ಫೈಲಿಗೆ ಹೋಗುವುದು ಎರಡನೆಯ ಮಟ್ಟದ್ದೇ. ಮೊದಲು ವ್ಯೂಪೋರ್ಟ್ ಮಟ್ಟವನ್ನು ಏರಿಸಿ, ಅಪ್ಲೈ ಮಾಡಿಫೈಯರ್ಸ್ ಆಯ್ಕೆಯಾಗಿದೆಯೇ ನೋಡಿ, ಮೀಟರ್‌ನಲ್ಲಿ ಕೆಲಸ ಮಾಡಿದ್ದರೆ ಸ್ಕೇಲ್ ಅನ್ನು 1000 ಮಾಡಿ.

ಬೈನರಿ ಎಸ್‌ಟಿಎಲ್‌ನಲ್ಲಿ ಪ್ರತಿ ತ್ರಿಕೋನಕ್ಕೆ 50 ಬೈಟ್ ಬೇಕು. ನಮ್ಮ ಐದನೆಯ ಮಟ್ಟದ ಚತುರ್ಭುಜಗಳು ಎರಡೆರಡು ತ್ರಿಕೋನಗಳಾಗಿ ಒಡೆದರೆ ಫೈಲು ಸುಮಾರು 1 ಜಿಬಿ ಮುಟ್ಟುತ್ತದೆ, ಹಲವು ಸ್ಲೈಸರ್‌ಗಳು ಅಲ್ಲೇ ಏದುಸಿರು ಬಿಡುತ್ತವೆ. ಡೆಸಿಮೇಟ್ ಮಾಡಿಫೈಯರ್‌ನ ಕೊಲ್ಯಾಪ್ಸ್ ಬಗೆ ಸಮತಟ್ಟಾದ ಜಾಗಗಳಲ್ಲಿ ಹೆಚ್ಚು, ತಿರುವುಗಳಲ್ಲಿ ಕಡಿಮೆ ಮುಖಗಳನ್ನು ತೆಗೆಯುವುದರಿಂದ 0.3ರಂಥ ಅನುಪಾತದಲ್ಲೂ ಕುಸುರಿ ಬಹುಮಟ್ಟಿಗೆ ಉಳಿಯುತ್ತದೆ. ತಂತು ಮುದ್ರಕಕ್ಕೆ ಹೋಗುವುದಾದರೆ ಇಷ್ಟೂ ಬೇಡ: ಮೂರನೆಯ ಮಟ್ಟದಲ್ಲೇ ಅಂಚು 0.22 ಮಿಲಿಮೀಟರ್ ಇರುತ್ತದೆ, ನಾಝಲ್ ಅದಕ್ಕಿಂತ ದಪ್ಪ. ಡೆಸಿಮೇಟ್ ಯಾವಾಗಲೂ ಕೊನೆಯದು. ಅದಾದ ಮೇಲೆ ಆ ಪ್ರತಿಯಲ್ಲಿ ಕೆತ್ತಲು ಹೋಗಬೇಡಿ.

ಇಡೀ ಮೂರ್ತಿಯನ್ನು ಒಮ್ಮೆಗೇ ಮುದ್ರಿಸುವ ಮೊದಲು ಗಲ್ಲದಿಂದ ಎದೆಯವರೆಗಿನ ಭಾಗವನ್ನು ಮಾತ್ರ ಬೂಲಿಯನ್‌ನಿಂದ ಕತ್ತರಿಸಿ, ಅದೇ ರೆಸಿನ್, ಅದೇ ಪದರದ ದಪ್ಪ, ಅದೇ ಓರೆಯಲ್ಲಿ ಮುದ್ರಿಸಿ. ಮುಖದ ನಯ, ಹಾರದ ದಾರ, ಮಣಿಗಳ ನಡುವಿನ ಸಂದು ಮೂರೂ ಆ ಒಂದು ತುಂಡಿನಲ್ಲಿವೆ. ತೊಳೆದು ಒಣಗಿಸಿ, ಬಳಿಯಬೇಕೆಂದಿರುವ ಬಣ್ಣವನ್ನೇ ಒಂದು ಸಲ ಬಳಿದು, ಹಾರದ ಗೀರುಗಳು ಕಿಟಕಿಯ ಪಕ್ಕದ ಬೆಳಕಿನಲ್ಲಿ ತೋಳಿನುದ್ದದ ದೂರದಿಂದ ಕಾಣುತ್ತವೆಯೇ ನೋಡಿ. ಕಾಣದಿದ್ದರೆ ಎಂಟನೆಯ ಹಂತಕ್ಕೆ ಹಿಂದಿರುಗಿ ಆಭರಣಗಳ ಮೇಲೆ ಫಿಲ್ಟರನ್ನು ಇನ್ನಷ್ಟು ಎಳೆಯಿರಿ.